ಬೋರ್ಡಿನಲ್ಲಿ ಕಾಣದ ಕಮಿಷನ್

ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಲಗೇಜು ಎತ್ತಿಕೊಂಡು ಹೊರಬರುತ್ತಿದ್ದಂತೆ ಹಣ ಬದಲಿಸುವ ಕೌಂಟರ್‌ಗಳು ಝಗಮಗಿಸುತ್ತಾ ಎದುರಾಗುತ್ತವೆ. ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿ ನಿದ್ದೆಗಣ್ಣಲ್ಲಿ ಇಳಿದವರು ಅಲ್ಲೇ ಸಾಲು ಹಿಡಿಯುತ್ತಾರೆ. ಟ್ಯಾಕ್ಸಿಗೆ ಬಾತ್ ಬೇಕಲ್ಲ! ಅದೇ ಕಟ್ಟಡದಲ್ಲಿ ಎರಡು ಮಹಡಿ ಕೆಳಗಿಳಿದರೆ, ನಗರಕ್ಕೆ ಹೋಗುವ ರೈಲು ಹೊರಡುವ ನೆಲಮಾಳಿಗೆಯಲ್ಲಿ ಇನ್ನೊಂದಷ್ಟು ಕೌಂಟರ್‌ಗಳಿವೆ. ಥಳಕು ಕಡಿಮೆ, ಸಾಲು ಉದ್ದ. ಅದೇ ಡಾಲರ್, ಅದೇ ಬಾತ್, ಅದೇ ಗಳಿಗೆ. ಆದರೂ ಮೇಲೆ ನೂರು ಡಾಲರ್ ಕೊಟ್ಟವರಿಗೆ ಸಿಗುವುದಕ್ಕಿಂತ ಕೆಳಗೆ ಕೊಟ್ಟವರಿಗೆ ಹೆಚ್ಚು ಬಾತ್ ಸಿಗುತ್ತದೆ. ಬೀದಿಬದಿಯಲ್ಲಿ ಒಂದು ಹೊತ್ತಿನ ಊಟ ಮುಗಿಸುವಷ್ಟು ವ್ಯತ್ಯಾಸ ಅದು.

ಮೇಲಿನವರು ಮೋಸ ಮಾಡುತ್ತಿಲ್ಲ. ದರವನ್ನು ಬೋರ್ಡಿನಲ್ಲಿ ದೊಡ್ಡದಾಗಿಯೇ ಹಾಕಿರುತ್ತಾರೆ, ಕಮಿಷನ್ ಇಲ್ಲ ಎಂದೂ ಬರೆದಿರುತ್ತಾರೆ. ಅದು ನಿಜವೂ ಹೌದು. ಹಣ ಬದಲಿಸುವವರ ಸಂಪಾದನೆ ಕಮಿಷನ್ನಿನಲ್ಲಿಲ್ಲ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರದಲ್ಲಿದೆ. ವಿದೇಶ ಪ್ರವಾಸದಲ್ಲಿ ದುಡ್ಡು ಉಳಿಸುವ ಉಪಾಯಗಳೆಂದು ಯಾರು ಏನೇ ಹೇಳಲಿ, ಮುಕ್ಕಾಲು ಪಾಲು ಈ ಅಂತರವನ್ನು ಗುರುತಿಸುವುದರಲ್ಲೇ ಮುಗಿಯುತ್ತದೆ.

ಲೆಕ್ಕಕ್ಕೆ ಸುಲಭವಾಗಲೆಂದು ಡಾಲರಿನ ಮಾರುಕಟ್ಟೆ ದರ 90 ರೂಪಾಯಿ ಎಂದಿಟ್ಟುಕೊಳ್ಳಿ. ಬ್ಯಾಂಕ್‌ಗಳು ತಮ್ಮತಮ್ಮಲ್ಲಿ ವ್ಯವಹರಿಸುವ ದರ ಇದು. ಮೊಬೈಲಿನಲ್ಲಿ ಹುಡುಕಿದರೆ ಕಾಣುವುದೂ ಇದೇ. ಊರಿನ ಮನಿ ಚೇಂಜರ್ ಒಬ್ಬರು 91ಕ್ಕೆ ಮಾರುತ್ತಾರೆ, ವಿಮಾನ ನಿಲ್ದಾಣದವರು 95ಕ್ಕೆ. ಸಾವಿರ ಡಾಲರ್ ಕೊಂಡರೆ ಮೊದಲನೆಯವರಿಗೆ ನೀವು ಬಿಟ್ಟುಕೊಟ್ಟಿದ್ದು 1,000 ರೂಪಾಯಿ, ಎರಡನೆಯವರಿಗೆ 5,000. ಇದರ ಮೇಲೆ ಜಿಎಸ್‌ಟಿ ಇದೆ. ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ರಷ್ಟನ್ನು ಸೇವೆಯ ಮೌಲ್ಯವೆಂದು ಹಿಡಿದು, ಅದಕ್ಕೆ ಶೇ 18 ತೆರಿಗೆ. ಅಂದರೆ 91,000 ರೂಪಾಯಿಗೆ ಸುಮಾರು 164 ರೂಪಾಯಿ. ನಮ್ಮ ಜನ ಬಿಲ್ಲು ನೋಡಿ ಗೊಣಗುವುದು ಈ 164ರ ಬಗ್ಗೆ. ಅದು ಅಚ್ಚಾಗಿ ಕಣ್ಣಿಗೆ ಬೀಳುತ್ತದೆ. ಐದು ಸಾವಿರ ಯಾವ ಬಿಲ್ಲಿನಲ್ಲೂ ಅಚ್ಚಾಗುವುದಿಲ್ಲ.

ಈ ಅಂತರವನ್ನು ಅಳೆಯುವುದು ಅತಿ ಸುಲಭವಾದ ಊರು ದುಬೈ. ಯುಎಇ ತನ್ನ ದಿರ್ಹಮ್ ಅನ್ನು 1997ರಿಂದ ಡಾಲರಿಗೆ ಕಟ್ಟಿಹಾಕಿದೆ: ಒಂದು ಡಾಲರಿಗೆ 3.6725. ಇಂಟರ್ನೆಟ್ ಇಲ್ಲದೆಯೂ ಬೋರ್ಡು ಓದಬಹುದು. ನಿಮ್ಮ ಡಾಲರಿಗೆ 3.65 ಕೊಡುತ್ತೇವೆ ಎಂದರೆ ನೂರಕ್ಕೆ ಅರವತ್ತು ಪೈಸೆ ಹೋಯಿತು, ಕಣ್ಣುಮುಚ್ಚಿ ಕೊಡಿ. 3.50 ಎಂದರೆ ನೂರಕ್ಕೆ ನಾಲ್ಕೂಮುಕ್ಕಾಲು ಹತ್ತಿರ ಹೋಯಿತು, ಪಕ್ಕದ ಅಂಗಡಿಗೆ ನಡೆಯಿರಿ. ಈ ಸಣ್ಣ ಅಂತರದ ವ್ಯಾಪಾರ ಎಷ್ಟು ದೊಡ್ಡದಾಗಬಲ್ಲದು ಎಂಬುದು ನಮ್ಮ ಕರಾವಳಿಯವರಿಗೆ ಗೊತ್ತು. 1980ರಲ್ಲಿ ಅಬುಧಾಬಿಯಲ್ಲಿ ಶುರುವಾದ ಯುಎಇ ಎಕ್ಸ್‌ಚೇಂಜ್ ಅನ್ನು ಬೆಳೆಸಿದವರು ಉಡುಪಿ ಸೀಮೆಯ ಬಿ.ಆರ್. ಶೆಟ್ಟಿ. ಅವರ ಸಾಮ್ರಾಜ್ಯ 2020ರಲ್ಲಿ ಕುಸಿದ ಕಥೆ ಬೇರೆಯೇ. ಆದರೆ ಊರಿಗೆ ದುಡ್ಡು ಕಳಿಸುವ ಕಾರ್ಮಿಕನ ಒಂದೊಂದು ದಿರ್ಹಮ್‌ನಲ್ಲೂ ನಾಲ್ಕಾರು ಪೈಸೆ ಉಳಿಸಿಕೊಂಡು ಬದುಕುವ ಧಂದೆ ಗಲ್ಫ್‌ನ ಬೀದಿಬೀದಿಯಲ್ಲಿ ಇಂದಿಗೂ ಇದೆ.

ಬೋರ್ಡು ಓದಲು ಬಾರದವರನ್ನೇ ನಂಬಿ ಬದುಕಿದ್ದ ಊರು ಪ್ರಾಗ್. ಝೆಕ್ ದೇಶದಲ್ಲಿ ಯೂರೋ ಅಲ್ಲ, ಕೊರುನಾ ಚಲಾವಣೆಯಲ್ಲಿದೆ. ಹೀಗಾಗಿ ಬಂದ ಪ್ರವಾಸಿಗರೆಲ್ಲ ಹಣ ಬದಲಿಸಲೇಬೇಕು. ಹಳೇ ಪೇಟೆಯ ಚೌಕದ ಸುತ್ತ ಕೆಲವರು ತಾವು ಯೂರೋ ಮಾರುವ ಆಕರ್ಷಕ ದರವನ್ನು ದಪ್ಪಕ್ಷರದಲ್ಲಿ ಹಾಕಿ, ಕೊಳ್ಳುವ ದರವನ್ನು ಮೂಲೆಗೆ ತಳ್ಳುತ್ತಿದ್ದರು. ಪ್ರವಾಸಿಗೆ ಬೇಕಾದದ್ದು ಮೂಲೆಯಲ್ಲಿರುವ ದರ. ದೂರುಗಳು ಹೆಚ್ಚಾಗಿ ಸರ್ಕಾರ ಕೊನೆಗೆ ಕಾನೂನನ್ನೇ ತಿದ್ದಿತು. 2019ರ ಏಪ್ರಿಲ್‌ನಿಂದ ಅಲ್ಲಿ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಿ ಹಣ ವಾಪಸ್ ಪಡೆಯುವ ಹಕ್ಕು ಗ್ರಾಹಕನಿಗಿದೆ. ರಸೀದಿ ಜೋಪಾನವಾಗಿಟ್ಟುಕೊಳ್ಳಬೇಕು, ಅಷ್ಟೇ. ಇಂಥ ಕಾನೂನು ಇನ್ನಷ್ಟು ಊರುಗಳಿಗೆ ಬರಬೇಕಿತ್ತು.

ಇನ್ನು ನಮ್ಮ ಊರಿನ ಕಡೆಯ ತಯಾರಿ. ಬೆಂಗಳೂರಿನ ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆಯ ಆಸುಪಾಸಿನಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಮನಿ ಚೇಂಜರ್‌ಗಳು ಸಾಕಷ್ಟಿದ್ದಾರೆ. ಆನ್‌ಲೈನಿನಲ್ಲಿ ಬುಕ್ ಮಾಡಿದರೆ ನೋಟು ಮನೆಬಾಗಿಲಿಗೂ ಬರುತ್ತದೆ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೇಳುತ್ತಾರೆ. ಪ್ರಯಾಣಕ್ಕೆ ಅರವತ್ತು ದಿನ ಮೊದಲಷ್ಟೇ ಕೊಳ್ಳಬಹುದು. ಐವತ್ತು ಸಾವಿರ ರೂಪಾಯಿ ದಾಟಿದರೆ ನಗದು ಕೊಡುವಂತಿಲ್ಲ, ಬ್ಯಾಂಕ್ ಮೂಲಕವೇ ಪಾವತಿಸಬೇಕು. ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು ಸಾಮಾನ್ಯವಾಗಿ 3,000 ಡಾಲರ್, ಉಳಿದದ್ದು ಕಾರ್ಡಿನಲ್ಲಿ. ಒಂದು ಆರ್ಥಿಕ ವರ್ಷಕ್ಕೆ ಒಬ್ಬರಿಗೆ ಒಟ್ಟು ಮಿತಿ ಎರಡೂವರೆ ಲಕ್ಷ ಡಾಲರ್. ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ಅಮೆರಿಕಕ್ಕೆ ಓದಲು ಹೋದ ಅರವತ್ತು-ಎಪ್ಪತ್ತರ ದಶಕದ ತಲೆಮಾರಿನವರಿಗೆ ಈ ಅಂಕಿ ಕೇಳಿದರೆ ನಗು ಬರುತ್ತದೆ. ಆಗ ಸರ್ಕಾರ ಕೊಡುತ್ತಿದ್ದದ್ದೇ ಅಷ್ಟು.

ಫೋನ್ ಮಾಡಿ ದರ ಕೇಳುವಾಗ ‘ಇವತ್ತು ಡಾಲರ್ ಎಷ್ಟು?’ ಎನ್ನಬೇಡಿ. ಬಾಯಲ್ಲಿ ಒಂದು ದರ ಹೇಳಿ, ಬಿಲ್ಲಿನಲ್ಲಿ ಸರ್ವಿಸ್ ಚಾರ್ಜು, ಡೆಲಿವರಿ ಚಾರ್ಜು ಸೇರಿಸುವವರಿದ್ದಾರೆ. ‘ಸಾವಿರ ಡಾಲರ್ ಬೇಕು, ಎಲ್ಲಾ ಸೇರಿ ನಾನು ಕೊಡಬೇಕಾದ್ದು ಎಷ್ಟು?’ ಎಂದು ಕೇಳಿ. ಇದೇ ಪ್ರಶ್ನೆಯನ್ನು ಮೂರು ಕಡೆ ಕೇಳಿ, ಎರಡನೆಯವರ ಮೊತ್ತವನ್ನು ಮೊದಲನೆಯವರಿಗೆ ಹೇಳಿದರೆ ಹತ್ತಿಪ್ಪತ್ತು ಪೈಸೆಯಾದರೂ ಇಳಿಯುತ್ತದೆ. ಶನಿವಾರ, ಭಾನುವಾರ ಕೇಳಬೇಡಿ. ಮಾರುಕಟ್ಟೆ ಮುಚ್ಚಿರುತ್ತದೆ, ಸೋಮವಾರ ದರ ಏರಿದರೆ ತಮಗೆ ನಷ್ಟವಾಗದಿರಲೆಂದು ಅವರು ಅಂತರವನ್ನು ಕೊಂಚ ಹಿಗ್ಗಿಸಿಕೊಂಡಿರುತ್ತಾರೆ.

ಥಾಯ್ಲೆಂಡಿಗೆ ಹೋಗುವವರು ಬೆಂಗಳೂರಿನಲ್ಲೇ ಬಾತ್ ಕೊಳ್ಳಬೇಕೇ, ಡಾಲರ್ ಒಯ್ದು ಅಲ್ಲಿ ಬದಲಿಸಬೇಕೇ ಎಂಬುದು ಮುಗಿಯದ ಚರ್ಚೆ. ಡಾಲರ್ ದಾರಿಯಲ್ಲಿ ಎರಡು ಸಲ ಅಂತರ ಕೊಡಬೇಕು, ನಿಜ. ಆದರೆ ಎರಡೂ ಸಣ್ಣವು, ಏಕೆಂದರೆ ಡಾಲರಿಗೆ ಎಲ್ಲೆಡೆ ಗಿರಾಕಿಗಳಿದ್ದಾರೆ. ಬಾತ್‌ಗೆ ಇಲ್ಲಿ ಗಿರಾಕಿ ಕಡಿಮೆ, ಹಾಗಾಗಿ ಒಂದೇ ಅಂತರವಾದರೂ ಅಗಲವಾಗಿರುತ್ತದೆ. ಎರಡನ್ನೂ ಲೆಕ್ಕ ಹಾಕಿ ನೋಡುವುದೇ ಸರಿ. ನನ್ನ ಒಲವು ಡಾಲರ್ ಕಡೆಗೆ, ಅದೂ ನೂರರ ನೋಟುಗಳ ಕಡೆಗೆ. ಬ್ಯಾಂಕಾಕ್‌ನ ಬೋರ್ಡು ಹತ್ತಿರದಿಂದ ನೋಡಿದರೆ ಅಮೆರಿಕದ ಡಾಲರಿಗೇ ನಾಲ್ಕಾರು ಸಾಲುಗಳಿರುತ್ತವೆ: ನೂರರ ನೋಟಿಗೆ ಒಂದು ದರ, ಐವತ್ತಕ್ಕೆ ಅದಕ್ಕಿಂತ ಕಡಿಮೆ, ಇಪ್ಪತ್ತು-ಹತ್ತಕ್ಕೆ ಇನ್ನೂ ಕಡಿಮೆ, ಒಂದು ಡಾಲರಿನ ನೋಟಿಗೆ ಎಲ್ಲಕ್ಕಿಂತ ಕಡಿಮೆ. ಚಿಲ್ಲರೆ ಇದ್ದರೆ ಅನುಕೂಲ ಎಂದುಕೊಂಡು ಇಲ್ಲಿಂದ ಐದು, ಹತ್ತರ ನೋಟು ಕೇಳಿ ಪಡೆದವರು ಅಲ್ಲಿ ಪೆಚ್ಚಾಗುತ್ತಾರೆ. ಅಮೆರಿಕಕ್ಕೇ ಹೋಗುವುದಾದರೆ ಚಿಲ್ಲರೆ ಸರಿ, ಏಷ್ಯಾದ ಊರುಗಳಿಗಲ್ಲ. ನೋಟು ಹರಿದಿದ್ದರೆ, ಮೇಲೆ ಶಾಯಿ ಅಥವಾ ಮುದ್ರೆ ಬಿದ್ದಿದ್ದರೆ, ತೀರಾ ಹಳೆಯ ಸರಣಿಯದಾಗಿದ್ದರೆ ಅನೇಕ ಕಡೆ ಮುಟ್ಟುವುದೇ ಇಲ್ಲ. ಇಲ್ಲಿ ಕೊಳ್ಳುವಾಗಲೇ ಒಂದೊಂದಾಗಿ ತಿರುವಿ ನೋಡಿ, ಗರಿಗರಿ ಇರುವುದನ್ನೇ ತೆಗೆದುಕೊಳ್ಳಿ.

ದರ ತೀರಾ ಚೆನ್ನಾಗಿದ್ದರೆ ಆಗ ಬೇರೆ ಭಯ. ಬಾಲಿ ದ್ವೀಪದ ಕೂಟಾ ಗಲ್ಲಿಗಳಲ್ಲಿ, ಬಟ್ಟೆ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡ ಕೆಲವರು ಬ್ಯಾಂಕಿಗಿಂತ ಹೆಚ್ಚಿನ ದರ ಬರೆದಿರುತ್ತಾರೆ. ನೂರು ಡಾಲರಿಗೆ ಹದಿನೈದು ಲಕ್ಷಕ್ಕೂ ಮೀರಿ ರುಪಿಯಾ ಸಿಗುವ ದೇಶ ಅದು; ಸೊನ್ನೆ ಎಣಿಸುವಷ್ಟರಲ್ಲೇ ತಲೆ ಗಿರ್ರೆನ್ನುತ್ತದೆ. ಅವರು ಬೇಕೆಂದೇ ಐವತ್ತು ಸಾವಿರದ, ಇಪ್ಪತ್ತು ಸಾವಿರದ ನೋಟುಗಳಲ್ಲಿ ಕೊಡುತ್ತಾರೆ. ನಿಮ್ಮೆದುರೇ ಎಣಿಸಿ ಜೋಡಿಸುತ್ತಾರೆ, ನೀವೂ ಎಣಿಸುತ್ತೀರಿ, ಲೆಕ್ಕ ಸರಿ ಇರುತ್ತದೆ. ‘ಇನ್ನೊಂದು ಸಲ ನೋಡಿಬಿಡೋಣ’ ಎಂದು ಕಟ್ಟು ವಾಪಸ್ ತೆಗೆದುಕೊಂಡು ಮೇಜಿಗೆ ತಟ್ಟಿ ಅಂಚು ಸಮ ಮಾಡುತ್ತಾರೆ. ಆ ತಟ್ಟುವಿಕೆಯಲ್ಲಿ ಹಿಂದಿನ ನಾಲ್ಕಾರು ನೋಟು ಅವರ ತೊಡೆಯ ಮೇಲೆ ಬಿದ್ದಿರುತ್ತದೆ. ಕೊನೆಯದಾಗಿ ಎಣಿಸಿದ ಕೈ ನಿಮ್ಮದಾಗಿರಬೇಕು. ಆಮೇಲೆ ಆ ಕಟ್ಟು ಮತ್ತೆ ಅವರ ಕೈಗೆ ಹೋಗಬಾರದು. ವಿಯೆಟ್ನಾಂನಲ್ಲಿ ಕಣ್ಣನ್ನು ಮೋಸಗೊಳಿಸುವುದು ನೋಟುಗಳೇ. ಇಪ್ಪತ್ತು ಸಾವಿರ ಡಾಂಗ್‌ನದೂ ನೀಲಿ, ಐದು ಲಕ್ಷ ಡಾಂಗ್‌ನದೂ ನೀಲಿ. ರಾತ್ರಿ ಟ್ಯಾಕ್ಸಿಯ ಮಬ್ಬು ಬೆಳಕಿನಲ್ಲಿ ಒಂದನ್ನು ಇನ್ನೊಂದೆಂದು ಕೊಟ್ಟರೆ ಇಪ್ಪತ್ತೈದು ಪಟ್ಟು ಕೊಟ್ಟಂತೆ. ಐದು ಲಕ್ಷದ ನೋಟನ್ನು ಪರ್ಸಿನ ಬೇರೆ ಅರೆಯಲ್ಲಿ ಇಟ್ಟುಕೊಳ್ಳುವುದು ಮೇಲು.

ಇಷ್ಟೆಲ್ಲ ನೋಟಿನ ರಗಳೆ ಏಕೆ, ಕಾರ್ಡು ಸಾಲದೇ ಎನ್ನುವವರ ಮಾತಿನಲ್ಲೂ ಹುರುಳಿದೆ. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳ ದರ ಮಾರುಕಟ್ಟೆ ದರಕ್ಕೆ ಬಹಳ ಹತ್ತಿರ. ಕೆಡುವುದು ಅದರ ಮೇಲೆ ನಮ್ಮ ಬ್ಯಾಂಕು ಹೇರುವ ಮಾರ್ಕ್‌ಅಪ್‌ನಿಂದ. ಸಾಮಾನ್ಯ ಕ್ರೆಡಿಟ್ ಕಾರ್ಡಿನಲ್ಲಿ ಶೇ 3.5, ಅದಕ್ಕೆ ಶೇ 18 ಜಿಎಸ್‌ಟಿ. ಒಟ್ಟು ಶೇ 4.13. ಲಕ್ಷ ರೂಪಾಯಿ ಖರ್ಚು ಮಾಡಿದರೆ ನಾಲ್ಕು ಸಾವಿರ ಹೋಯಿತು. ಈಗ ಮಾರ್ಕ್‌ಅಪ್ ಇಲ್ಲದ, ಅಥವಾ ತೀರಾ ಕಡಿಮೆ ಇರುವ ಕಾರ್ಡುಗಳು ಬಂದಿವೆ. ವರ್ಷಕ್ಕೊಮ್ಮೆಯಾದರೂ ಹೊರದೇಶಕ್ಕೆ ಹೋಗುವವರು ಅಂಥದ್ದೊಂದು ಇಟ್ಟುಕೊಳ್ಳದಿದ್ದರೆ ದಂಡ ಕಟ್ಟುತ್ತಲೇ ಇರಬೇಕು. ಮೊದಲೇ ಹಣ ತುಂಬುವ ಫಾರೆಕ್ಸ್ ಕಾರ್ಡು ದರವನ್ನು ಹಿಡಿದಿಡುತ್ತದೆ, ಒಳ್ಳೆಯದೇ. ಆದರೆ ಡಾಲರ್ ತುಂಬಿಸಿದ ಕಾರ್ಡನ್ನು ಯೂರೋ ನಾಡಿನಲ್ಲಿ ಉಜ್ಜಿದರೆ ಮತ್ತೆ ಕರೆನ್ಸಿ ಬದಲಿಸುವ ಶುಲ್ಕ ಬೀಳುತ್ತದೆ. ಯಾವ ದೇಶವೋ ಆ ದೇಶದ ಕರೆನ್ಸಿಯನ್ನೇ ತುಂಬಿಸಬೇಕು.

ಕಾರ್ಡು ಎಷ್ಟೇ ಒಳ್ಳೆಯದಿರಲಿ, ಅದನ್ನು ಕೆಡಿಸುವ ಒಂದು ಪ್ರಶ್ನೆ ಇದೆ. ಸ್ವೈಪ್ ಯಂತ್ರ ನಿಮ್ಮ ಕಾರ್ಡು ಭಾರತದ್ದೆಂದು ಗುರುತಿಸಿ, ರೂಪಾಯಿಯಲ್ಲಿ ಕೊಡುತ್ತೀರೋ, ಸ್ಥಳೀಯ ಹಣದಲ್ಲೋ ಎಂದು ಕೇಳುತ್ತದೆ. ಪರದೇಶದಲ್ಲಿ ರೂಪಾಯಿ ಕಂಡ ಸಂತೋಷಕ್ಕೆ ನಮ್ಮವರು ಅದನ್ನೇ ಒತ್ತುತ್ತಾರೆ. ಒತ್ತಿದೊಡನೆ ದರ ನಿಗದಿ ಮಾಡುವ ಅಧಿಕಾರ ಕಾರ್ಡ್ ಜಾಲದಿಂದ ಅಂಗಡಿಯ ಕಡೆಯ ಕಂಪನಿಗೆ ಹೋಗುತ್ತದೆ. ಅದರ ದರ ಬಹುತೇಕ ದುಬಾರಿ. ಇಲ್ಲಿಗೇ ಮುಗಿಯುವುದಿಲ್ಲ. ರೂಪಾಯಿಯಲ್ಲಿ ಕೊಟ್ಟರೂ ಅಂಗಡಿ ಹೊರದೇಶದ್ದು ಎಂದು ನಮ್ಮ ಕೆಲವು ಬ್ಯಾಂಕುಗಳು ತಮ್ಮ ಶುಲ್ಕವನ್ನೂ ಹಾಕುತ್ತವೆ. ಕೆಲವು ಕಡೆ ಅಂಗಡಿಯಾತ ಕೇಳದೆ ತಾನೇ ರೂಪಾಯಿ ಒತ್ತಿಬಿಡುತ್ತಾನೆ. ಚೀಟಿಯಲ್ಲಿ ರೂಪಾಯಿ ಕಂಡರೆ ಅಲ್ಲೇ ನಿಂತು ರದ್ದು ಮಾಡಿಸಿ ಮತ್ತೆ ಸ್ವೈಪ್ ಮಾಡಿಸಬೇಕು, ಮುಜುಗರಪಡಬೇಕಾಗಿಲ್ಲ.

ಎಟಿಎಂ ಇದನ್ನೇ ಇನ್ನೂ ನಯವಾಗಿ ಮಾಡುತ್ತದೆ. ಪರದೆಯ ಮೇಲೆ ರೂಪಾಯಿ ಲೆಕ್ಕ ತೋರಿಸಿ, ಒಪ್ಪಿಗೆಯೋ ನಿರಾಕರಣೆಯೋ ಎನ್ನುತ್ತದೆ. ನಿರಾಕರಿಸಿದರೆ ಹಣವೇ ಬರುವುದಿಲ್ಲವೇನೋ ಎಂದು ಹೆದರಿ ಜನ ಒಪ್ಪಿಬಿಡುತ್ತಾರೆ. ನಿರಾಕರಿಸಿ, ಹಣ ಬರುತ್ತದೆ, ನಿರಾಕರಿಸಿದ್ದು ಅದರ ದರವನ್ನು ಮಾತ್ರ. ಥಾಯ್ಲೆಂಡಿನ ಎಟಿಎಂಗಳಲ್ಲಿ ಹೊರದೇಶದ ಕಾರ್ಡಿಗೆ ಪ್ರತಿಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕವಿದೆ. ಸಾವಿರ ಬಾತ್ ತೆಗೆದರೆ ಅದು ಶೇ 22. ಇಪ್ಪತ್ತು ಸಾವಿರ ತೆಗೆದರೆ ಶೇ 1.1. ದಿನಾ ಸ್ವಲ್ಪ ಸ್ವಲ್ಪ ತೆಗೆಯುವ ನಮ್ಮ ಜಾಗ್ರತೆಯ ಅಭ್ಯಾಸ ಅಲ್ಲಿ ಕೈ ಕಚ್ಚುತ್ತದೆ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ. ತೆಗೆದ ದಿನದಿಂದಲೇ ಬಡ್ಡಿ.

ಯುಪಿಐ ಕೆಲವು ದೇಶಗಳಲ್ಲಿ ನಡೆಯುತ್ತಿದೆ. 2021ರಲ್ಲಿ ಭೂತಾನ್, ಆಮೇಲೆ ನೇಪಾಳ, ಯುಎಇ, 2024ರ ಫೆಬ್ರುವರಿಯಲ್ಲಿ ಶ್ರೀಲಂಕಾ, ಮಾರಿಷಸ್. ಆ್ಯಪಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲೇ ಚಾಲೂ ಮಾಡಿಕೊಳ್ಳಬೇಕು. ಊರಿನಲ್ಲಿ ಬಿಟ್ಟಿ ಎಂದು ಅಲ್ಲೂ ಬಿಟ್ಟಿ ಎಂದುಕೊಳ್ಳಬೇಡಿ; ದರ, ಶುಲ್ಕ ಎರಡೂ ಬ್ಯಾಂಕಿನವು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಐದು ಪೈಸೆಯ ವ್ಯತ್ಯಾಸಕ್ಕಾಗಿ ಬ್ಯಾಂಕಾಕ್‌ನ ಬಿಸಿಲಿನಲ್ಲಿ ಕೌಂಟರಿನಿಂದ ಕೌಂಟರಿಗೆ ಅಲೆಯುವ ಗುಂಪುಗಳನ್ನು ಕಂಡಿದ್ದೇನೆ. ಇನ್ನೂರು ಡಾಲರ್ ಬದಲಿಸುವಾಗ ಅರ್ಧ ಶೇಕಡ ಅಂದರೆ ಒಂದು ಡಾಲರ್. ಅದಕ್ಕೆ ಅರ್ಧ ದಿನ ಕಳೆದರೆ, ವಿಮಾನದ ಟಿಕೆಟ್ಟಿಗೆ ಕೊಟ್ಟ ದುಡ್ಡಿನಲ್ಲಿ ಆ ಅರ್ಧ ದಿನದ ಪಾಲೆಷ್ಟು ಎಂದೂ ಕೇಳಿಕೊಳ್ಳಬೇಕು. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿಗೆ, ಒಂದು ಊಟಕ್ಕೆ ಸಾಕಾಗುವಷ್ಟು ಬದಲಿಸಿಕೊಂಡರೆ ಲೋಕವೇನೂ ಮುಳುಗುವುದಿಲ್ಲ. ಅಲ್ಲಿ ನಿಂತು ಇಡೀ ಪ್ರವಾಸದ ದುಡ್ಡನ್ನು ಬದಲಿಸಬಾರದು, ಅಷ್ಟೇ.

ವಾಪಸ್ ಬರುವಾಗ ಉಳಿದ ನೋಟು ಮಾರಿದರೆ ಇನ್ನೊಂದು ಸಲ ಅಂತರ ಕೊಡಬೇಕು. ಹಾಗಾಗಿ ಕೊನೆಯ ಎರಡು ದಿನ ನಗದನ್ನೇ ಖರ್ಚು ಮಾಡಿ, ಹೋಟೆಲಿನ ಬಿಲ್ಲಿಗೆ ಕೈಲಿರುವಷ್ಟು ನಗದು ಕೊಟ್ಟು ಬಾಕಿಯನ್ನು ಕಾರ್ಡಿನಲ್ಲಿ ತೀರಿಸಬಹುದು. ಬಹಳಷ್ಟು ಕಡೆ ಒಪ್ಪುತ್ತಾರೆ. ಊರಿಗೆ ತಂದ ಹಣವನ್ನು 180 ದಿನದೊಳಗೆ ಬ್ಯಾಂಕಿಗೋ ಮನಿ ಚೇಂಜರ್‌ಗೋ ಒಪ್ಪಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. 2,000 ಡಾಲರ್ ಮೌಲ್ಯದವರೆಗಿನ ನೋಟುಗಳನ್ನು ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಬಹುದು. ನಾಣ್ಯಗಳಿಗೆ ಮಾತ್ರ ಮಿತಿಯೇ ಇಲ್ಲ, ಎಷ್ಟಾದರೂ ಇಟ್ಟುಕೊಳ್ಳಿ ಎಂದಿದೆ ಆ ನಿಯಮ. ಕೊಳ್ಳುವವರು ಯಾರೂ ಇಲ್ಲವಲ್ಲ!