ಮೂರನೆಯ ಅನುಸೂಚಿಯ ಕನ್ನಡ ಮತ್ತು ಮುಂಡಗೋಡದ ಟಿಬೆಟಿಯನ್ನರು

ಭಾರತದ 1955ರ ಪೌರತ್ವ ಕಾಯ್ದೆಯ ಕೊನೆಗಿರುವ ಮೂರನೆಯ ಅನುಸೂಚಿ ಗಾತ್ರದಲ್ಲಿ ಚಿಕ್ಕದಾದರೂ, ಪರದೇಶದಿಂದ ಬಂದು ಇಲ್ಲಿ ಬಹುಕಾಲ ನೆಲೆಸಿದವರು ಈ ದೇಶದ ಪ್ರಜೆಗಳಾಗಲು ಏನೇನು ಬೇಕೆಂಬುದನ್ನು ಗೊತ್ತುಪಡಿಸುವುದು ಅದೇ. ಹೀಗೆ ವಾಸದ ಬಲದಿಂದ ಅರ್ಜಿ ಹಾಕಿ ಪಡೆಯುವ ಪೌರತ್ವಕ್ಕೆ ಸಹಜೀಕೃತ ಪೌರತ್ವ ಎಂದು ಹೆಸರು. ಅದನ್ನು ಬಯಸುವವರು ಅರ್ಜಿಗೆ ಮುಂಚಿನ 12 ತಿಂಗಳು ಪೂರ್ತಿ ಭಾರತದಲ್ಲೇ ಇದ್ದು, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷಕ್ಕೆ ಕಡಿಮೆಯಾಗದಂತೆ ಇಲ್ಲಿ ವಾಸಿಸಿರಬೇಕು, ಒಳ್ಳೆಯ ನಡತೆಯವರಾಗಿರಬೇಕು, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದಾದರೂ ಒಂದು ಭಾಷೆಯನ್ನು ಸಾಕಷ್ಟು ಬಲ್ಲವರಾಗಿರಬೇಕು. ಈ ಕೊನೆಯ ಷರತ್ತನ್ನು ಓದುವ ಧಾರವಾಡ ಜಿಲ್ಲೆಯವರಿಗೆ ಮೊದಲು ನೆನಪಾಗಬೇಕಾದವರು, ಕಲಘಟಗಿ ತಾಲ್ಲೂಕಿನ ಗಡಿ ದಾಟಿದೊಡನೆ ಸಿಗುವ ಮುಂಡಗೋಡದ ಟಿಬೆಟಿಯನ್ನರು.

ಅವರ ಇತಿಹಾಸ ಈ ಭಾಗದ ಓದುಗರಿಗೆ ಗೊತ್ತಿರುವಂಥದೇ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಕೇಂದ್ರದ ಕರೆಗೆ ಓಗೊಟ್ಟು ಮೈಸೂರು ಸರ್ಕಾರ ನೆಲ ಕೊಟ್ಟಿತು. ಮೊದಲು ಬೈಲಕುಪ್ಪೆ, ಆಮೇಲೆ 1966ರಲ್ಲಿ ಮುಂಡಗೋಡ. ಇಲ್ಲಿ ಸುಮಾರು 4,000 ಎಕರೆ ಕಾಡುನೆಲವನ್ನು ಕಡಿದು ಹಸನು ಮಾಡಿ ಶಿಬಿರಗಳನ್ನು ಕಟ್ಟಲಾಯಿತು. ಬಂಗಾಳದ ಬಕ್ಸಾದಲ್ಲಿ ತಂಗಿದ್ದ ಭಿಕ್ಷುಗಳು ಆ ದಶಕದ ಕೊನೆಯ ಹೊತ್ತಿಗೆ ದಕ್ಷಿಣಕ್ಕೆ ಬಂದು, ಲಾಸಾ ಸಮೀಪದ ಗಾಂಡೆನ್ ಮತ್ತು ಡ್ರೆಪುಂಗ್ ಮಠಗಳನ್ನು ಇಲ್ಲಿ ಮತ್ತೆ ಸ್ಥಾಪಿಸಿದರು. ಟಿಬೆಟಿಯನ್ನರು ಈ ನೆಲೆಯನ್ನು ದೋಗುಲಿಂಗ್ ಎಂದು ಕರೆದರೆ, ಸುತ್ತಲಿನ ಹಳ್ಳಿಗಳ ಜನರಿಗೆ ಅದು ಲಾಮಾ ಕ್ಯಾಂಪ್ ಅಥವಾ ಬರಿಯ ನಂಬರಿನ ಕ್ಯಾಂಪ್.

ಹುಬ್ಬಳ್ಳಿಯಿಂದ ತಡಸ ದಾಟಿ ಈ ಕ್ಯಾಂಪುಗಳಿಗೆ ಬಂದವರಿಗೆ ಮಠದ ಹೊಂಬಣ್ಣದ ಮಾಡಿಗಿಂತಲೂ ಹೆಚ್ಚು ಆಶ್ಚರ್ಯ ತರುವುದು ಅಲ್ಲಿಯ ಮಾತು. ಗೋವಿನಜೋಳದ ತೆನೆ ಮುರಿಯಲು ಬಂದ ಕೂಲಿಯವರೊಡನೆ ಲೆಕ್ಕ ಮಾಡುವ ಟಿಬೆಟಿಯನ್ ಅಜ್ಜಿಯ ಕನ್ನಡದಲ್ಲಿ ವಿಭಕ್ತಿಗಳು ಅಲ್ಲಲ್ಲಿ ಜಾರಿದರೂ, 'ರೀ' ಮಾತ್ರ ಎಲ್ಲಿಯೂ ತಪ್ಪುವುದಿಲ್ಲ. 'ನಾಳೆ ಲಗೂನ ಬರ್ರಿ' ಎನ್ನುವ ಆ ಧಾಟಿ ಶಾಲೆಯ ಪುಸ್ತಕದಿಂದ ಬಂದದ್ದಲ್ಲ, ಭತ್ತದ ಗದ್ದೆಯಲ್ಲಿ ಇಲ್ಲಿಯ ಹೆಣ್ಣುಮಕ್ಕಳ ಜೊತೆ ಬಗ್ಗಿ ಕೆಲಸ ಮಾಡಿ ಬಂದದ್ದು. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಅಂಗಡಿ ಹಾಕುವ ಟಿಬೆಟಿಯನ್ನರೊಡನೆ ನವಲಗುಂದ, ಅಣ್ಣಿಗೇರಿ, ಕುಂದಗೋಳದಿಂದ ಬಂದ ಗಿರಾಕಿಗಳು ಚೌಕಾಶಿ ನಡೆಸುವುದೂ ಇದೇ ಕನ್ನಡದಲ್ಲಿ.

ಈ ಕನ್ನಡಕ್ಕೆ ಕಾಯ್ದೆಯಲ್ಲಿ ಬೆಲೆಯಿದೆ ಎಂಬುದು ಇಷ್ಟು ವರ್ಷ ಯಾರ ಗಮನಕ್ಕೂ ಬಾರದಂತೆ ಉಳಿದದ್ದು ವಿಸ್ಮಯದ ಸಂಗತಿ. ಎಂಟನೆಯ ಅನುಸೂಚಿಯಲ್ಲಿ 1950ರಲ್ಲಿ 14 ಭಾಷೆಗಳಿದ್ದವು, ಈಗ 22 ಇವೆ; ಕನ್ನಡ ಮೊದಲಿನಿಂದಲೂ ಅದರಲ್ಲಿದೆ, ನೇಪಾಳಿ 1992ರಲ್ಲಿ ಸೇರಿತು, ಟಿಬೆಟನ್ ಈವರೆಗೂ ಸೇರಿಲ್ಲ. ಆದ್ದರಿಂದ ಟಿಬೆಟಿನಿಂದ ಬಂದವರು ತಾಯ್ನುಡಿಯ ಬಲದಿಂದ ಈ ಷರತ್ತನ್ನು ಪೂರೈಸಲಾರರು. ತಾವು ನೆಲೆಸಿದ ಸೀಮೆಯಲ್ಲಿ ಕಲಿತ ಭಾಷೆಯಿಂದಲೇ ಪೂರೈಸಬೇಕು. ಹಿಂದಿ ಆಗಲೇಬೇಕೆಂದು ಕಾಯ್ದೆ ಕೇಳುವುದಿಲ್ಲ, ಇಂಗ್ಲಿಷನ್ನಂತೂ ಒಪ್ಪುವುದೇ ಇಲ್ಲ, ಏಕೆಂದರೆ ಇಂಗ್ಲಿಷ್ ಆ ಅನುಸೂಚಿಯಲ್ಲಿಲ್ಲ. 'ಸಾಕಷ್ಟು' ಎಂದರೆ ಎಷ್ಟು ಎಂಬುದನ್ನು ಅನುಸೂಚಿ ವಿವರಿಸದೆ ಬಿಟ್ಟಿರುವುದರಿಂದ, ಗದ್ದೆಯಲ್ಲಿ ಕಲಿತ ಕನ್ನಡಕ್ಕೂ ಅಲ್ಲಿ ಜಾಗವಿದೆ ಎಂದು ಓದುವುದೇ ನ್ಯಾಯ. ಭಾಷಾವಾರು ಪ್ರಾಂತ್ಯಗಳಿಗಾಗಿ ಚಳವಳಿಗಳು ನಡೆಯುತ್ತಿದ್ದ ದಿನಗಳಲ್ಲಿ ರೂಪುಗೊಂಡ ಈ ಕಾಯ್ದೆ, ಪರದೇಶದವರು ಭಾರತೀಯರಾಗುವುದು ಯಾವುದೋ ಒಂದು ಸೀಮೆಯ ನೆರೆಹೊರೆಯ ಮೂಲಕವೇ ಎಂಬುದನ್ನು ಅರಿತಿತ್ತು. ಭಾಷೆಯ ಈ ಷರತ್ತೇ ಕಾಯ್ದೆಯ ಅತ್ಯಂತ ಮಾನವೀಯವಾದ ಸಾಲು ಎಂದರೆ ಅತಿಶಯವಾಗದು.

ಅರ್ಜಿಗೆ ಬೇಕಾದ ಕಾಗದಪತ್ರಗಳ ಪಟ್ಟಿಯೂ ಈ ನೆರೆಹೊರೆಯ ಮಾತನ್ನೇ ಹೇಳುತ್ತದೆ. ಅರ್ಜಿಯನ್ನು ಜಿಲ್ಲಾಧಿಕಾರಿಯ ಮೂಲಕ ಸಲ್ಲಿಸಬೇಕು. ನಡತೆಯ ಬಗ್ಗೆ ಇಬ್ಬರು ಭಾರತೀಯರು ಅಫಿಡವಿಟ್ ಕೊಡಬೇಕು. ಭಾಷೆಯ ಬಗ್ಗೆ ಪ್ರಮಾಣಪತ್ರ ಬೇಕು. ಪ್ರಜೆಯಾಗಲು ಬಯಸಿರುವುದಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅದರ ತುಣುಕುಗಳನ್ನು ಲಗತ್ತಿಸಬೇಕು. ಇವೆಲ್ಲವೂ ಮುಂಡಗೋಡದಲ್ಲಿ ದೊರಕುವಂಥವೇ. ದೊರಕದಿರುವುದು ಅದೇ ಪಟ್ಟಿಯಲ್ಲಿರುವ ವಿದೇಶಿ ಪಾಸ್‌ಪೋರ್ಟಿನ ಪ್ರತಿ, ಏಕೆಂದರೆ ಹಿಮಾಲಯ ದಾಟಿ ನಡೆದು ಬಂದವರ ಬಳಿ ಯಾವ ದೇಶದ ಪಾಸ್‌ಪೋರ್ಟೂ ಇರಲಿಲ್ಲ. ಅವರಿಗಿರುವುದು ವಿದೇಶಿಯರೆಂದು ನೋಂದಾಯಿಸಿಕೊಂಡದ್ದಕ್ಕೆ ಸಿಗುವ, ಕಾಲಕಾಲಕ್ಕೆ ನವೀಕರಿಸಬೇಕಾದ, ಆರ್‌ಸಿ ಎಂದು ಎಲ್ಲರೂ ಕರೆಯುವ ಪ್ರಮಾಣಪತ್ರ. ಪರದೇಶ ಪ್ರಯಾಣಕ್ಕೆ ಭಾರತ ಸರ್ಕಾರವೇ ಕೊಡುವ ಹಳದಿ ಬಣ್ಣದ ಗುರುತಿನ ಪುಸ್ತಕ. ಇದರ ಜೊತೆಗೆ, ಸರಿಯಾದ ದಾಖಲೆಯಿಲ್ಲದೆ ಬಂದವರಿಗೆ ಸಹಜೀಕೃತ ಪೌರತ್ವದ ದಾರಿಯನ್ನೇ ಮುಚ್ಚುವ ನಿಯಮವನ್ನು 2003ರ ತಿದ್ದುಪಡಿ ಸೇರಿಸಿತು.

ಆದ್ದರಿಂದ ಟಿಬೆಟಿಯನ್ನರಿಗೆ ಬಾಗಿಲು ತೆರೆದದ್ದು ವಾಸದಿಂದಲ್ಲ, ಹುಟ್ಟಿನಿಂದ. 26 ಜನವರಿ 1950ರಿಂದ 1 ಜುಲೈ 1987ರ ಹಿಂದಿನ ದಿನದವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾವ ದೇಶದವರೇ ಆಗಿರಲಿ, ಭಾರತೀಯರು ಎಂದು ಕಾಯ್ದೆಯ 3ನೆಯ ಕಲಂ ಹೇಳುತ್ತದೆ. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರ ಡಿಸೆಂಬರಿನಲ್ಲಿ ಹೇಳಿತು. ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ಓದಿದ, 1985ರಲ್ಲಿ ಭಾರತದಲ್ಲೇ ಹುಟ್ಟಿದ ಲಿಂಗ್ ರಿಂಪೋಚೆ ಅವರ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟ್ 7 ಆಗಸ್ಟ್ 2013ರಂದು ಅದನ್ನೇ ಎತ್ತಿಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟ್ ಪಾಸ್‌ಪೋರ್ಟ್ ಕೊಡಬೇಕೆಂದು ಆದೇಶಿಸಿತು.

ತೀರ್ಪುಗಳು ಸರಿಯೇ. ಆದರೆ ಕಾಯ್ದೆ ಹುಟ್ಟಿದ ತಾರೀಖನ್ನಷ್ಟೇ ನೋಡಿದರೆ, ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳಾಗಿ, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿಯನಾಗಿ, 1966ರಲ್ಲಿ ಕಾಡು ಕಡಿದು ಹೊಲ ಮಾಡಿದ ಅಜ್ಜ ಸಾಯುವವರೆಗೂ ಆರ್‌ಸಿ ನವೀಕರಿಸುತ್ತಲೇ ಇರಬೇಕಾಗುತ್ತದೆ. ಈ ನೆಲಕ್ಕೆ ಅತಿ ಹೆಚ್ಚು ದುಡಿದವರಿಗೇ ಅತಿ ಕಡಿಮೆ ಹಕ್ಕು ದೊರೆತಿದೆ.

ಗಣರಾಜ್ಯದ ಮೊದಲ ಮನಸ್ಸು ಹೀಗಿರಲಿಲ್ಲ. ಇಲ್ಲೇ ಕಾಯಂ ನೆಲೆಯುಳ್ಳವರಾಗಿ, ಸಂವಿಧಾನ ಜಾರಿಗೆ ಬರುವ ಮುಂಚೆ 5 ವರ್ಷ ಇಲ್ಲಿ ವಾಸಿಸಿದವರನ್ನು ಸಂವಿಧಾನದ 5ನೆಯ ವಿಧಿಯೇ ಪ್ರಜೆಗಳೆಂದು ಒಪ್ಪಿತ್ತು. 1955ರ ಕಾಯ್ದೆ ಸಹಜೀಕೃತ ಪೌರತ್ವಕ್ಕೆ ಕೇಳಿದ್ದೂ ಒಟ್ಟು 5 ವರ್ಷವನ್ನೇ. 1986ರ ತಿದ್ದುಪಡಿ ಅದನ್ನು 10ಕ್ಕೂ 2003ರದು 12ಕ್ಕೂ ಏರಿಸಿತು. 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಆರು ಸಮುದಾಯಗಳಿಗೆ 11 ವರ್ಷದ ವಾಸವನ್ನು 5ಕ್ಕೆ ಇಳಿಸಿತಾದರೂ, ಆ ಪಟ್ಟಿಯಲ್ಲಿ ಬೌದ್ಧರಿದ್ದರೂ, ಟಿಬೆಟ್ ಇಲ್ಲ. ಇತ್ತ ಕೆನಡಾಕ್ಕೆ ಹೋದ ಧಾರವಾಡದ ಎಂಜಿನಿಯರು ಕಾಯಂ ನಿವಾಸಿಯಾಗಿ 5 ವರ್ಷಗಳಲ್ಲಿ 1,095 ದಿನ ಅಲ್ಲಿ ಕಳೆದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು.

ಮುಂಡಗೋಡದವರೆಲ್ಲರೂ ಭಾರತದ ಪೌರತ್ವ ಬಯಸುತ್ತಾರೆಂದು ತಿಳಿಯುವುದೂ ತಪ್ಪಾದೀತು. ನಿರಾಶ್ರಿತರೆಂಬ ಗುರುತನ್ನು ಬಿಟ್ಟರೆ ಟಿಬೆಟಿನ ಮೇಲಿನ ಹಕ್ಕಿನ ಮಾತು ದುರ್ಬಲವಾಗುತ್ತದೆ ಎಂಬ ಭಾವನೆ ಹಿರಿಯರಲ್ಲಿ ಆಳವಾಗಿದೆ, ಅದಕ್ಕೆ ಗೌರವ ಸಲ್ಲಬೇಕು. 2017ರಲ್ಲಿ ಪಾಸ್‌ಪೋರ್ಟ್ ಕೇಳಿದವರಿಗೆ ಆರ್‌ಸಿ ಹಿಂದಿರುಗಿಸಬೇಕು, ಶಿಬಿರದಲ್ಲಿ ವಾಸಿಸಕೂಡದು ಎಂಬಂಥ ಷರತ್ತುಗಳನ್ನು ಒಡ್ಡಿದ್ದು ಈ ಹಿಂಜರಿಕೆಯನ್ನು ಇನ್ನಷ್ಟು ಗಟ್ಟಿಮಾಡಿತು. ಪ್ರಜೆಯಾಗಬೇಕಾದರೆ ಮನೆ ಬಿಡಬೇಕೆಂಬ ಷರತ್ತು, ವಾಸವನ್ನೇ ಆಧಾರವಾಗಿಟ್ಟುಕೊಂಡ ಮೂರನೆಯ ಅನುಸೂಚಿಯ ಆಶಯಕ್ಕೆ ನೇರ ವಿರುದ್ಧ.

ಆದರೂ ಬಯಸುವವರಿಗೆ ದಾರಿ ಇರಲೇಬೇಕು. ಇಲ್ಲದ ಪಾಸ್‌ಪೋರ್ಟಿನ ಬದಲು ಸರ್ಕಾರವೇ ದಶಕಗಳಿಂದ ನವೀಕರಿಸುತ್ತ ಬಂದ ಆರ್‌ಸಿಯನ್ನು ವಾಸದ ಪುರಾವೆಯಾಗಿ ಕೇಂದ್ರ ಒಪ್ಪಬೇಕು. ಹಾಗೆ ಒಪ್ಪುವಂತೆ, ನೆಲ ಕೊಟ್ಟ ಕರ್ನಾಟಕವೇ ಮುಂದಾಗಿ ಒತ್ತಾಯಿಸಬೇಕು. ಕಲಘಟಗಿ, ತಡಸ, ಮುಂಡಗೋಡ ಕಡೆಯ ಓದುಗರಲ್ಲಿ ಒಂದು ವಿನಂತಿ: ನೆರೆಯ ಟಿಬೆಟಿಯನ್ನರೊಬ್ಬರು ಪೌರತ್ವದ ಅರ್ಜಿ ಹಿಡಿದು ನಡತೆಯ ಅಫಿಡವಿಟ್ಟಿಗಾಗಿ ಬಾಗಿಲಿಗೆ ಬಂದರೆ, ತಿಳಿದದ್ದನ್ನು ತಿಳಿದಂತೆ ಬರೆದು, ಅವರ ಕನ್ನಡವನ್ನೂ ಹೆಸರಿಸಿ, ಸಹಿ ಹಾಕಿಕೊಡಿ.