ಅಪಘಾತದಲ್ಲಿ ಕಾರು ಹೋದ ಮೇಲೆ...

ಅಪಘಾತದ ಸುದ್ದಿ ಬಂದಾಗ ನಾವು ಮೊದಲು ವಿಚಾರಿಸುವುದು ಜೀವಗಳ ಬಗ್ಗೆ. ಯಾರಿಗೂ ಏನೂ ಆಗಿಲ್ಲ ಎಂದು ತಿಳಿದರೆ ‘ಅಲ್‌ಹಮ್ದುಲಿಲ್ಲಾಹ್’ ಎನ್ನುತ್ತೇವೆ. ಹಾಗೆ ಹೇಳಬೇಕಾದುದೇ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಮನೆಯಲ್ಲಿ ಬೇರೆಯೇ ಮಾತು ಶುರುವಾಗುತ್ತದೆ. ಕಾರು ಗ್ಯಾರೇಜಿನಲ್ಲಿ ನಜ್ಜುಗುಜ್ಜಾಗಿ ಬಿದ್ದಿದೆ. ಬ್ಯಾಂಕಿನ ಕಂತು ಮಾತ್ರ ನಿಂತಿಲ್ಲ. ವಯಸ್ಸಾದ ತಾಯಿಯನ್ನು ವಾರಕ್ಕೆರಡು ಬಾರಿ ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಆಗ ಎಲ್ಲರ ಕಣ್ಣೂ ಸ್ಟಿಯರಿಂಗ್ ಹಿಡಿದಿದ್ದವನ ಕಡೆಗೆ ತಿರುಗುತ್ತದೆ. “ನಿನಗೆ ಅಷ್ಟು ಅವಸರ ಏನಿತ್ತು?”

ಈ ಪ್ರಶ್ನೆಯನ್ನು ಸ್ವಲ್ಪ ದಿನ ಬದಿಗಿಡಿ. ಮೊದಲು ಮಾಡಬೇಕಾದ ಕೆಲಸಗಳು ಬೇರೆ ಇವೆ.

ಮೊದಲ ದಿನಗಳ ಕೆಲಸ

ವಿಮಾ ಕಂಪೆನಿಗೆ ತಡಮಾಡದೆ ತಿಳಿಸಿ. ಕಾರಿನ ಎಲ್ಲ ಬದಿಗಳ ಫೋಟೋ ತೆಗೆದಿಡಿ. ಸರ್ವೇಯರ್ ಬಂದು ನೋಡುವ ಮೊದಲು ಬಿಚ್ಚಲು, ರಿಪೇರಿ ಮಾಡಲು ಬಿಡಬೇಡಿ. ಯಾರಿಗಾದರೂ ಗಾಯವಾಗಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. “ನಮ್ಮೊಳಗೇ ಮುಗಿಸೋಣ” ಎಂಬ ಮಾತಿಗೆ ಒಪ್ಪಿಕೊಂಡವರು ಅನಂತರ ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಪರದಾಡುತ್ತಾರೆ. ಕಾರು ಠಾಣೆಯಲ್ಲಿದ್ದರೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಜಪ್ತಿಯಾದ ವಾಹನಗಳನ್ನು ಠಾಣೆಯ ಆವರಣದಲ್ಲಿ ದೀರ್ಘಕಾಲ ಕೊಳೆಯಲು ಬಿಡಬಾರದೆಂದು ಸುಪ್ರೀಮ್ ಕೋರ್ಟ್ 2002ರಲ್ಲೇ ಹೇಳಿದೆ.

ಕೈಗೆ ಬರುವ ಹಣ ಎಷ್ಟು?

ಇಲ್ಲಿ ಅನೇಕರಿಗೆ ನಿರಾಸೆಯಾಗುತ್ತದೆ. ನಿಮ್ಮ ಪಾಲಿಸಿ ‘ಥರ್ಡ್ ಪಾರ್ಟಿ’ ಮಾತ್ರವಾಗಿದ್ದರೆ, ಅದು ನಿಮ್ಮಿಂದ ಇತರರಿಗಾದ ನಷ್ಟಕ್ಕೆ ಮಾತ್ರ. ನಿಮ್ಮ ಸ್ವಂತ ಕಾರಿಗೆ ಅದರಿಂದ ಒಂದು ರೂಪಾಯಿಯೂ ಸಿಗದು. ತಪ್ಪು ಎದುರಿನ ವಾಹನದವರದಾಗಿದ್ದರೆ ಅವರ ವಿಮೆಯಿಂದ ನಷ್ಟ ಪಡೆಯಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು.

ಪೂರ್ಣ ವಿಮೆಯಿದ್ದರೆ, ರಿಪೇರಿಯ ಖರ್ಚು ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಮೌಲ್ಯದ, ಅಂದರೆ ಐಡಿವಿಯ, ಶೇ. 75ನ್ನು ಮೀರಿದಾಗ ಅದನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸುತ್ತಾರೆ. ಈ ಮೌಲ್ಯ ನೀವು ಶೋರೂಮಿನಲ್ಲಿ ಕೊಟ್ಟ ಬೆಲೆಯಲ್ಲ. ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20, ಮೂರರಿಂದ ನಾಲ್ಕು ವರ್ಷದ್ದಕ್ಕೆ ಶೇ. 40 ಸವಕಳಿ ಕಳೆಯಲಾಗುತ್ತದೆ.

ಒಂದು ಲೆಕ್ಕ ನೋಡಿ. ಎಂಟು ಲಕ್ಷದ ಕಾರು. ಪಾಲಿಸಿ ನವೀಕರಿಸುವಾಗ ಮೂರು ವರ್ಷ ದಾಟಿತ್ತು. ಐಡಿವಿ 4,80,000 ರೂ. ಬ್ಯಾಂಕಿನ ಸಾಲ ಇನ್ನೂ 5,20,000 ಬಾಕಿ ಇದೆ. ಸಾಲವಿರುವ ಕಾರಿನ ಹಣ ಮೊದಲು ಹೋಗುವುದು ಬ್ಯಾಂಕಿಗೆ. ಅಂದರೆ ಕಾರೂ ಇಲ್ಲ, ಕೈಗೆ ಹಣವೂ ಇಲ್ಲ, ಮೇಲೆ ನಲ್ವತ್ತು ಸಾವಿರಕ್ಕೂ ಹೆಚ್ಚು ಸಾಲ! ಹಾಗೆಂದು ಕಂತು ನಿಲ್ಲಿಸಬೇಡಿ. ಬ್ಯಾಂಕಿಗೆ ಹೋಗಿ ಪರಿಸ್ಥಿತಿ ತಿಳಿಸಿ, ಉಳಿದುದನ್ನು ತೀರಿಸುವ ದಾರಿ ಕೇಳಿ.

ಸರಿಯಾದ ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ ಅಥವಾ ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಬಿಟ್ಟಿದ್ದರೆ ಕಂಪೆನಿ ಹಣ ನಿರಾಕರಿಸಬಹುದು. ನೆರೆಮನೆಯವರನ್ನು ಏರ್‌ಪೋರ್ಟಿಗೆ ಬಿಟ್ಟು ಬಾಡಿಗೆ ಪಡೆಯುವವರು ಇದನ್ನು ನೆನಪಿಡಬೇಕು. ನಿರಾಕರಣೆ ಅನ್ಯಾಯವೆನಿಸಿದರೆ ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಗುಜರಿಗೆ ಕೊಡುವ ಮುನ್ನ

“ಹೋದದ್ದು ಹೋಯಿತು” ಎಂದು ಕಾರನ್ನು ಗುಜರಿಯವರಿಗೆ ಕೊಟ್ಟು ಆರ್.ಸಿ.ಯನ್ನೂ ಕೈಗಿತ್ತು ಬರುವವರಿದ್ದಾರೆ. ಇದು ಬಹಳ ಅಪಾಯಕಾರಿ. ಆ ಕಾರು ರಿಪೇರಿಯಾಗಿ ಮತ್ತೆ ರಸ್ತೆಗಿಳಿದು ಯಾರಿಗೋ ಢಿಕ್ಕಿ ಹೊಡೆದರೆ ಹೊಣೆ ಯಾರದು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಕರೆಂದು ಸುಪ್ರೀಮ್ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಹೆಸರು ವರ್ಗಾವಣೆ ಮಾಡಿಸಿ. ಕಾರು ಇನ್ನು ಓಡುವಂತೆಯೇ ಇಲ್ಲವಾದರೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದುಪಡಿಸಿಕೊಳ್ಳಿ. ಕಾನೂನು ಇದಕ್ಕೆ ಕೊಡುವ ಅವಧಿ 14 ದಿನ.

ಮನಸ್ಸಿಗಾದ ಪೆಟ್ಟು

ಕಾಗದಪತ್ರದ ಕೆಲಸಕ್ಕೆ ಕೊನೆಯಿದೆ. ಆದರೆ ಕಾರು ಓಡಿಸಿದ್ದ ಮಗನ ಮನಸ್ಸು? ಊಟದ ಹೊತ್ತಿನಲ್ಲಿ, ಬಂಧುಗಳ ಎದುರು, “ಇವನ ಕೈಯಲ್ಲಿ ಕೊಟ್ಟದ್ದೇ ತಪ್ಪು” ಎಂದು ದಿನವೂ ಹೇಳಿದರೆ ಅವನಿಗೆ ಏನಾಗಬಹುದು, ಯೋಚಿಸಿದ್ದೀರಾ? ಅವನೂ ಆ ಢಿಕ್ಕಿಯ ಸದ್ದು ಕೇಳಿದವನೇ. ಅತಿವೇಗವೋ ಮೊಬೈಲೋ ಕಾರಣವಾಗಿದ್ದರೆ ತಂದೆ ಅವನನ್ನು ಒಬ್ಬನನ್ನೇ ಕೂರಿಸಿ ಒಮ್ಮೆ ಸ್ಪಷ್ಟವಾಗಿ ಹೇಳಲಿ. ನಷ್ಟದಲ್ಲಿ ಒಂದು ಪಾಲನ್ನು ದುಡಿದು ಕೊಡಲು ಹೇಳುವುದೂ ತಪ್ಪಲ್ಲ. ಆದರೆ ಹೇಳಿದ್ದನ್ನೇ ಹೇಳುತ್ತಾ ಚುಚ್ಚುವುದರಿಂದ ಕಾರು ಮರಳಿ ಬರುವುದಿಲ್ಲ, ಮಗ ದೂರವಾಗುತ್ತಾನೆ.

ಹಿಂದಿನ ಸೀಟಿನಲ್ಲಿದ್ದ ಹೆಂಗಸರು, ಮಕ್ಕಳು ವಾಹನ ಹತ್ತಲು ಹೆದರುವುದುಂಟು. ನಗಬೇಡಿ, ಒತ್ತಾಯಿಸಬೇಡಿ. ನಿದ್ರೆಯಲ್ಲಿ ಬೆಚ್ಚಿಬೀಳುವುದು, ರಸ್ತೆಗಿಳಿಯಲು ಭಯ ಒಂದು ತಿಂಗಳ ಮೇಲೂ ಮುಂದುವರಿದರೆ ವೈದ್ಯರಿಗೆ ತೋರಿಸಿ.

“ಜನ ಏನೆನ್ನುತ್ತಾರೆ” ಎಂದು ಮರುದಿನವೇ ಮತ್ತೊಂದು ಸಾಲ ಮಾಡಿ ಹೊಸ ಕಾರು ತರುವ ಆತುರವೂ ಬೇಡ. ಕೆಲವು ತಿಂಗಳು ಬಸ್ಸು, ರಿಕ್ಷಾ ಸಾಕು. ಆಸ್ಪತ್ರೆಯ ದಿನಗಳಿಗೆ ಸಹೋದರರಲ್ಲಿ ಯಾರಾದರೊಬ್ಬರು ತಮ್ಮ ವಾಹನ ಕೊಡಲಿ. ಕುಟುಂಬವೆಂದರೆ ಅದಕ್ಕೇ ತಾನೇ?

ನಿಮ್ಮ ಮನೆಯ ಮುಂದೆ ಕಾರು ಇನ್ನೂ ಸುರಕ್ಷಿತವಾಗಿ ನಿಂತಿದೆಯೇ? ಹಾಗಾದರೆ ಇಂದೇ ಪಾಲಿಸಿಯನ್ನು ತೆಗೆದು ನೋಡಿ. ಅದು ಯಾವ ವಿಧದ್ದು, ಯಾವ ದಿನ ಮುಗಿಯುತ್ತದೆ, ಐಡಿವಿ ಎಷ್ಟು ಎಂಬುದನ್ನು ಮನೆಯವರೆಲ್ಲರಿಗೂ ತಿಳಿಸಿ.