ಒಂದನೇ ನಂಬರಿನ ಕುಸ್ತಿಗೂ ಮೊದಲು

ಗಡಹಿಂಗ್ಲಜದ ಬಸ್ ನಿಲ್ದಾಣದ ಬಳಿ ಚಹಾ ಕುಡಿಯಲು ನಿಂತವನು ಎದುರಿನ ಗೋಡೆ ನೋಡಿ ಚಹಾ ಮರೆತೆ. ಕುಸ್ತಿ ಮೈದಾನದ ಪೋಸ್ಟರು! ತುದಿಗೆ ಜಾತ್ರೆಯ ದೇವರು, ಅದರ ಕೆಳಗೆ ಒಂದನೇ ನಂಬರಿನ ಜೋಡಿ, ಎದೆಯುಬ್ಬಿಸಿ ನಿಂತ ಇಬ್ಬರು ಪೈಲ್ವಾನರು, ನಡುವೆ ಗದೆ. ಆಮೇಲೆ ಎರಡನೇ ನಂಬರು, ಮೂರನೇ ನಂಬರು. ಇಳಿದಂತೆಲ್ಲ ಮುಖಗಳು ಕಿರಿದಾಗುತ್ತ ಅಂಚೆಚೀಟಿಯಷ್ಟಾಗಿ, ಕಟ್ಟಕಡೆಯ ಸಾಲುಗಳಲ್ಲಿ ಮುಖವೇ ಇಲ್ಲ. ಬರೀ ಹೆಸರು, ಊರು, ತಾಲೀಮು ಎಂದರೆ ಗರಡಿ. ನಾನು ಮೇಲಿನ ಜೋಡಿಯನ್ನೇ ಕಣ್ಣರಳಿಸಿ ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು, ಎರಡೂ ಕಿವಿ ಮುದ್ದೆಯಾಗಿದ್ದವರು, ಅಚ್ಚ ಕನ್ನಡದಲ್ಲಿ ನನ್ನನ್ನು ತಿದ್ದಿದರು. ಮೇಲಿನವರು ಆಗಲೇ ಆದವರು, ಆಗುವವರನ್ನು ನೋಡಬೇಕಿದ್ದರೆ ಕೆಳಗಿನ ಸಾಲು ಓದಬೇಕು ಎಂದರು.

ಬಗ್ಗಿ ಓದಿದೆ. ಮೈ ಜುಮ್ಮೆಂದಿತು. ಚಿಕ್ಕೋಡಿ ಕಡೆಯ ಹಳ್ಳಿಗಳು, ಹುಕ್ಕೇರಿ ಕಡೆಯವು, ಅಥಣಿ ಕಡೆಯವು! ಊರು ನಮ್ಮದು, ಅದರ ಮುಂದೆ ಬರೆದ ತಾಲೀಮು ಕೊಲ್ಹಾಪುರದ್ದು. ಅಂಬೋಲಿ ಘಟ್ಟದಲ್ಲಿ ಹುಟ್ಟಿ ಗಡಹಿಂಗ್ಲಜವನ್ನು ಬಳಸಿ ಸಂಕೇಶ್ವರಕ್ಕೆ ಇಳಿಯುವ ಹಿರಣ್ಯಕೇಶಿ ಗಡಿ ಕೇಳದೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಹುಡುಗರು ಮಾತ್ರ ನದಿಗೆ ಎದುರಾಗಿ ಹರಿಯುತ್ತಾರೆ, ಇತ್ತಲಿಂದ ಅತ್ತ. ಯಾಕೆ? ಅಲ್ಲೇನಿದೆ? ಆ ಪೋಸ್ಟರಿನ ಕೊನೆಯ ಸಾಲಿನ ಬೆನ್ನು ಹತ್ತಿ ನಾನೂ ಹೊರಟುಬಿಟ್ಟೆ.

ಮೊದಲು ಇಚಲಕರಂಜಿ. ಊರು ಹತ್ತಿರವಾಗುತ್ತಿದ್ದಂತೆ ಕಿವಿಗೆ ಬೀಳುವುದು ಮಗ್ಗ. 1904ರಲ್ಲಿ ವಿಠ್ಠಲರಾವ್ ದಾತಾರ ಎಂಬವರು ಇಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಅಂದಿನಿಂದ ಈ ಊರಿಗೆ ನಿದ್ದೆ ಇಲ್ಲ. ಮಗ್ಗದ ಓಣಿಯೊಂದರ ಕೊನೆಗೆ ತಗಡಿನ ಸೂರು, ಅದರೊಳಗೆ ಕೆಂಪು ಮಣ್ಣು. ಸಂಜೆ ಏಳಕ್ಕೆ ಹೊರಗೆ ಖಟಖಟ ಖಟಖಟ, ಒಳಗೆ ಆ ಲಯಕ್ಕೆ ಸರಿಯಾಗಿ ಇಪ್ಪತ್ತು ಹುಡುಗರ ಬಸ್ಕಿ. ಲಯವನ್ನು ಯಾರೂ ಹೊಂದಿಸಿರಲಿಲ್ಲ, ಅದು ತಾನಾಗಿ ಹೊಂದಿಕೊಂಡಿತ್ತು. ಬಾಗಿಲಲ್ಲಿ ನಿಂತವನಿಗೆ ಯಾವುದು ಮಗ್ಗ, ಯಾವುದು ಮಂಡಿ ಎಂದು ಬೇರೆ ಮಾಡಲಾಗಲಿಲ್ಲ. ಒಬ್ಬ ಹುಡುಗ ವಿಶ್ರಾಂತಿಗೆ ಕೂತು ಮೊಬೈಲಿನಲ್ಲಿ ಕುಸ್ತಿಯೊಂದನ್ನು ನಿಧಾನಗತಿಯಲ್ಲಿ ಹಿಂದೆ ಮುಂದೆ ಸರಿಸುತ್ತಿದ್ದ. ಅದು 2022ರ ಏಪ್ರಿಲಿನಲ್ಲಿ ಸಾತಾರೆಯಲ್ಲಿ ನಡೆದ ಮಹಾರಾಷ್ಟ್ರ ಕೇಸರಿ ಅಂತಿಮ ಪಂದ್ಯ. ಕೊಲ್ಹಾಪುರದ ಪೃಥ್ವಿರಾಜ ಪಾಟೀಲ ಹಿಂದೆ ಬಿದ್ದಿದ್ದವನು ಎದ್ದು ಬಂದು ವಿಶಾಲ ಬನಕರನನ್ನು 5-4ರಲ್ಲಿ ಗೆದ್ದದ್ದು. ಒಂದೇ ಒಂದು ಅಂಕ! ಆ ಒಂದು ಅಂಕಕ್ಕಾಗಿ ಕೊಲ್ಹಾಪುರ ಎರಡು ದಶಕ ಕಾದಿತ್ತು. 2000ದಲ್ಲಿ ವಿನೋದ ಚೌಗುಲೆ ಗೆದ್ದ ಮೇಲೆ ಮಹಾರಾಷ್ಟ್ರ ಕೇಸರಿಯ ಗದೆ ಊರಿಗೆ ಬಂದಿರಲೇ ಇಲ್ಲ. ವಿನೋದನ ತಂದೆ ದಾದು ಚೌಗುಲೆ 1970 ಮತ್ತು 71ರಲ್ಲಿ ಅದೇ ಗದೆ ಎತ್ತಿದವರು. ಹುಡುಗ ಆ ಕೊನೆಯ ಕ್ಷಣಗಳನ್ನು ನನ್ನ ಎದುರಿಗೇ ಹನ್ನೊಂದು ಸಲ ನೋಡಿದ. ನೋಡುವಾಗ ಅವನ ಬಲ ಭುಜ ತನ್ನಷ್ಟಕ್ಕೆ ಕದಲುತ್ತಿತ್ತು.

ಆಮೇಲೆ ಕೊಲ್ಹಾಪುರ.

ಬೆಳಗಿನ ನಾಲ್ಕು ಗಂಟೆ. ಅಂಬಾಬಾಯಿ ಗುಡಿಯ ಸುತ್ತಲಿನ ಬೀದಿ ಇನ್ನೂ ಮಲಗಿದೆ. ಗಂಗಾವೇಸ ತಾಲೀಮು, ಮೋತಿಬಾಗ ತಾಲೀಮು, ಶಾಹೂಪುರಿ ತಾಲೀಮು. ಪೇಟೆಗೊಂದು, ಓಣಿಗೊಂದು. ಈ ಊರಿನಲ್ಲಿ ತಾಲೀಮು ಎಂಬ ಮಾತು ಎಷ್ಟು ಆಳಕ್ಕೆ ಇಳಿದಿದೆ ಎಂದರೆ ಇಲ್ಲಿನ ಫುಟ್‌ಬಾಲ್ ತಂಡಗಳ ಹೆಸರೂ ತಾಲೀಮುಗಳೇ. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ ತಾಲೀಮು! ಚೆಂಡು ಒದೆಯುವವರೂ ಗರಡಿಯ ಹೆಸರಿನಲ್ಲೇ ಒದೆಯುವ ಊರು ಬೇರೆಲ್ಲಿದೆ?

ಒಂದು ಗರಡಿಯ ಕಿರಿದಾದ ಬಾಗಿಲು. ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ. ಒಳಗೆ ಹನುಮಂತನ ಮುಂದೆ ಒಂದು ದೀಪ, ಎದುರಿಗೆ ಹೌದಾ, ಅಂದರೆ ಮಟ್ಟಿಯ ತೊಟ್ಟಿ. ಇಬ್ಬರು ಸಲಿಕೆ ಹಿಡಿದು ಅದನ್ನು ಅಗೆದು ತಿರುವುತ್ತಿದ್ದರು. ಇದು ಕೂಲಿಯಲ್ಲ, ಇದೇ ಮೊದಲ ವ್ಯಾಯಾಮ. ಬಾಗಿ ಒಂದು ಹಿಡಿ ಎತ್ತಿಕೊಂಡೆ. ಮಣ್ಣು ಎಂದುಕೊಂಡಿದ್ದೆ, ಅದು ಮಣ್ಣಲ್ಲ! ಜರಡಿ ಹಿಡಿದ ಕೆಂಪು ಮಣ್ಣಿಗೆ ಕಾವಿ, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಸೇರಿಸಿ ವರ್ಷಗಟ್ಟಲೆ ಬೆವರಿನಲ್ಲಿ ಹದಗೊಳಿಸಿದ್ದು. ಅಂಗೈಯಲ್ಲಿ ಹಿಚುಕಿದರೆ ಉಂಡೆಯಾಗುತ್ತದೆ, ಬೆರಳು ಸಡಿಲಿಸಿದರೆ ಹುಡಿಯಾಗುತ್ತದೆ. ತಂಪು. ಮೂಗಿಗೆ ಹಿಡಿದರೆ ಅಡುಗೆಮನೆಯದೂ ಹೊಲದ್ದೂ ಕೂಡಿದ ವಾಸನೆ. ಬೆವರಿನ ಮೈ ಜಾರದಂತೆ ಹಿಡಿತಕ್ಕೆ ಕೊಡುವುದು ಇದೇ, ಬಿದ್ದವನ ಬೆನ್ನು ಒಡೆಯದಂತೆ ಕಾಯುವುದೂ ಇದೇ.

ದಂಡ, ಬಸ್ಕಿ, ಹಗ್ಗ. ಆಮೇಲೆ ಜೋಡಿ. ಇಬ್ಬರೂ ಬಾಗಿ ಮಣ್ಣು ಮುಟ್ಟಿ, ಒಬ್ಬರ ಕೈಗೊಬ್ಬರು ಮಣ್ಣು ಕೊಟ್ಟು ಸಲಾಮಿ. ಖಡಾಖಡಿ ಶುರು. ಕತ್ತಿಗೆ ಕೈ, ಮುಂಗೈಗೆ ಕೈ, ಹಣೆಗೆ ಹಣೆ. ನೋಡುವವನಿಗೆ ಏನೂ ಆಗುತ್ತಿಲ್ಲ ಎನಿಸುವ ಹೊತ್ತು ಇದು. ಎಲ್ಲವೂ ಆಗುತ್ತಿರುವ ಹೊತ್ತೂ ಇದೇ ಎಂದು ಗರಡಿಯ ಗುರು, ವಸ್ತಾದರು, ನನ್ನ ಮೊಣಕೈ ಹಿಡಿದು ತೋರಿಸಿಕೊಟ್ಟರು. ತಳ್ಳುವವನನ್ನು ನೋಡಬೇಡ, ತಳ್ಳಿಸಿಕೊಳ್ಳುವವನ ಹಿಮ್ಮಡಿ ನೋಡು. ಹಿಮ್ಮಡಿ ನೆಲ ಬಿಟ್ಟಿತೋ, ಕುಸ್ತಿ ಹೋಯಿತು. ನಾನು ಹಿಮ್ಮಡಿಯ ಮೇಲೆ ಕಣ್ಣು ನೆಟ್ಟೆ. ಬಿಟ್ಟಿತು! ಒಂದು ಜೋಳದ ಕಾಳಿನಷ್ಟು. ಅಷ್ಟರಲ್ಲಿ ಎದುರಿನವನು ಅವನ ತೋಳು ಎಳೆದು ಕಂಕುಳ ಕೆಳಗೆ ತಲೆ ತೂರಿಸಿ, ಇನ್ನೊಂದು ಕೈ ತೊಡೆಯ ಸಂದಿಗೆ ಹಾಕಿ, ಇಡೀ ಮನುಷ್ಯನನ್ನು ಜೋಳದ ಚೀಲದಂತೆ ಹೆಗಲಿಗಡ್ಡ ಹೊತ್ತು ಆಚೆ ಉರುಳಿಸಿದ್ದ. ಕಲಾಜಂಗ್! ಪುಸ್ತಕದಲ್ಲಿ ಓದಿದ್ದ ಹೆಸರು. ಎರಡು ಮಾರು ದೂರದಲ್ಲಿ ಕಂಡದ್ದು ಅಂದೇ.

ಅಂದಿನಿಂದ ನನ್ನ ಕಣ್ಣು ಬದಲಾಗಿದೆ. ಬರುವ ಹಂಗಾಮಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳಿದರೆ ನಾನೀಗ ರಟ್ಟೆಯ ಸುತ್ತಳತೆ ಹೇಳುವುದಿಲ್ಲ. ಕಿವಿ ನೋಡಿ. ಕಿವಿಯ ಮೃದ್ವಸ್ಥಿಗೆ ರಕ್ತ ಬರುವುದು ಮೇಲಿನ ತೆಳುಪೊರೆಯಿಂದ. ಹಣೆ, ಮೊಣಕೈ, ಮಣ್ಣು ಉಜ್ಜಿ ಉಜ್ಜಿ ಆ ಪೊರೆ ಬಿಟ್ಟುಕೊಂಡಾಗ ನಡುವೆ ರಕ್ತ ತುಂಬಿ, ಹೆಪ್ಪುಗಟ್ಟಿ, ಕೊನೆಗೆ ಕಿವಿ ಕಲ್ಲಾಗುತ್ತದೆ. ಕಿವಿ ಪೂರ್ತಿ ಕಲ್ಲಾದವನು ಮಾಗಿದವನು. ಕಿವಿ ಇನ್ನೂ ಕೆಂಪಾಗಿ ಊದಿರುವವನು, ಮುಟ್ಟಿದರೆ ಮುಖ ಹಿಂಡುವವನು, ಈ ವರ್ಷ ದಿನವೂ ತಪ್ಪದೆ ಹೌದಾಕ್ಕೆ ಇಳಿದಿದ್ದಾನೆ. ನನ್ನ ಪಂಥ ಅವನ ಮೇಲೆ. ಇನ್ನೊಂದು, ಅವನು ಸೋತಾಗ ಹೇಗೆ ಏಳುತ್ತಾನೆ ಎಂಬುದು. ಚಿತ್ತಾದ ಕೂಡಲೇ ಗೆದ್ದವನ ಕೈ ಹಿಡಿದು ಎದ್ದು, ಪಟ್ಟು ಎಲ್ಲಿ ಸಿಕ್ಕಿತು ಎಂದು ಅವನನ್ನೇ ಕೇಳುವ ಹುಡುಗರಿದ್ದಾರೆ. ವಸ್ತಾದರ ಕಣ್ಣು ಅವರ ಮೇಲೇ ಇರುತ್ತದೆ.

ಎರಡು ನೆಲ ಬಲ್ಲವನನ್ನೂ ಹುಡುಕಬೇಕು. ಜಾತ್ರೆಯ ಮೈದಾನದಲ್ಲಿ ಬೆನ್ನು ನೆಲಕ್ಕೆ ಹತ್ತಿಸಿದರೆ ಸಾಕು. ಗಾದಿಯ, ಅಂದರೆ ಮ್ಯಾಟಿನ ಮೇಲೆ ಹಾಗಲ್ಲ. ಮೂರು ನಿಮಿಷ, ಅರ್ಧ ನಿಮಿಷ ಬಿಡುವು, ಮತ್ತೆ ಮೂರು ನಿಮಿಷ, ಹತ್ತು ಅಂಕದ ಅಂತರ ಬಂದರೆ ಅಲ್ಲಿಗೇ ಮುಗಿಯಿತು. ಮಹಾರಾಷ್ಟ್ರ ಕೇಸರಿಯಲ್ಲಿ ಮಣ್ಣಿನ ವಿಭಾಗ ಗೆದ್ದವನೂ ಗಾದಿಯ ವಿಭಾಗ ಗೆದ್ದವನೂ ಕೊನೆಗೆ ಮುಖಾಮುಖಿ ಆಗುತ್ತಾರೆ. ಮಣ್ಣಿನಲ್ಲಿ ತಾಳ್ಮೆ ಕಲಿತವನು ಗಾದಿಯ ಅವಸರವನ್ನೂ ಕಲಿಯಬೇಕು. ಖಾಶಾಬಾ ಜಾಧವರು ಕಲಿತರಲ್ಲ! ಕರಾಡದ ಬಳಿಯ ಗೋಳೇಶ್ವರದ ಹುಡುಗ, ಕೊಲ್ಹಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿ. 1948ರ ಲಂಡನ್ನಿನಲ್ಲಿ ಆರನೆಯವರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ ಅದೇ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ಸ್ವಂತ ಮನೆ ಒತ್ತೆ ಇಟ್ಟು 7,000 ರೂಪಾಯಿ ಹೊಂದಿಸಿಕೊಟ್ಟರು. ಮಣ್ಣಿನಲ್ಲಿ ಕಲಿತ ಢಾಕ್ ಪಟ್ಟನ್ನು ಅಲ್ಲಿನ ಗಾದಿಗೆ ಒಯ್ದು ಜಾಧವರು ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ! ಕರಾಡದಿಂದ ಊರಿಗೆ ನೂರಕ್ಕೂ ಹೆಚ್ಚು ಚಕ್ಕಡಿಗಳ ಮೆರವಣಿಗೆ. ಒತ್ತೆ ಇಟ್ಟ ಆ ಮನೆಯ ಬಾಗಿಲನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಸಂಜೆ ಖಾಸಬಾಗ ಮೈದಾನಕ್ಕೆ ಹೋದೆ. 1902ರಲ್ಲಿ ಛತ್ರಪತಿ ಶಾಹೂ ಮಹಾರಾಜರು ಯುರೋಪಿಗೆ ಹೋದಾಗ ರೋಮಿನ ಕೊಲೋಸಿಯಂ ನೋಡಿ, ಇಂಥದ್ದು ನನ್ನ ಪೈಲ್ವಾನರಿಗೂ ಬೇಕು ಎಂದುಕೊಂಡು ಬಂದರು. 1912ರ ಹೊತ್ತಿಗೆ ಅದು ಎದ್ದೇ ನಿಂತಿತು. ಪಕ್ಕದ ಕೇಶವರಾವ ಭೋಸಲೆ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಸಿಕ್ಕಿತು. ಮಹಾರಾಜರ ಎರಡು ಕನಸು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು, ಹಾಡಿನದೊಂದು, ಕುಸ್ತಿಯದೊಂದು. ಮೈದಾನದ ಮೇಲಂಚಿಗೆ ಹತ್ತಿ ಕೂತೆ. ಕಂಬವಿಲ್ಲ, ಅಡ್ಡವಿಲ್ಲ, ಸುತ್ತಲೂ ಬೋಗುಣಿಯಂತೆ ಇಳಿಜಾರು, ತಳದಲ್ಲಿ ಕೆಂಪು ಚುಕ್ಕೆ. ಮೂವತ್ತು ಸಾವಿರ ಜನ ಕೂತರೂ ಕೊನೆಯವನಿಗೆ ಪೈಲ್ವಾನನ ಹಿಮ್ಮಡಿ ಕಾಣಬೇಕು, ಹಾಗೆ ಕಟ್ಟಿದ್ದಾರೆ!

ಅಲ್ಲಿ ಕೂತಾಗಲೇ ಆ ಪೋಸ್ಟರಿನ ಕೊನೆಯ ಸಾಲು ನನಗೆ ಪೂರ್ತಿ ತೆರೆದುಕೊಂಡದ್ದು. 1959ರಲ್ಲಿ ದಿಲ್ಲಿಯಲ್ಲಿ ಹಿಂದ್ ಕೇಸರಿ ಕುಸ್ತಿ. ಪಂಜಾಬಿನ ಬಂತಾಸಿಂಗನನ್ನು ಮಣಿಸಿ ಅದನ್ನು ಗೆದ್ದವರು ಶ್ರೀಪತಿ ಖಂಚನಾಳೆ. ಕೊಲ್ಹಾಪುರದ ಶಾಹೂಪುರಿ ತಾಲೀಮಿನ ಮಲ್ಲ ಎಂದೇ ಲೋಕ ಬಲ್ಲದು. ಹುಟ್ಟಿದ್ದು? ನಮ್ಮ ಬೆಳಗಾವಿ ಜಿಲ್ಲೆಯ, ಚಿಕ್ಕೋಡಿ ತಾಲೂಕಿನ ಯಕ್ಸಂಬಾ! ಅವರ ಮರುವರ್ಷ ಆ ಕಿರೀಟ ಮೋತಿಬಾಗದ ಗಣಪತರಾವ್ ಆಂದಳಕರರಿಗೆ ಹೋಯಿತು. ಯಕ್ಸಂಬಾದಿಂದ ಹೊರಟ ಹುಡುಗ ಮೊದಲು ಯಾವ ಊರಿನ ಯಾವ ಜಾತ್ರೆಯಲ್ಲಿ ಮಣ್ಣು ಮುಟ್ಟಿದ್ದಾನು? ಅವನ ಹೆಸರೂ ಎಂದೋ ಯಾವುದೋ ಯಾದಿಯ ಕೊನೆಯಲ್ಲೇ ಇದ್ದಿರಬೇಕು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಎಂಬತ್ತಾರು ವರ್ಷ. ಒಮ್ಮೆಯೂ ಅವರನ್ನು ಕಂಡು ಕಾಲಿಗೆರಗಲಿಲ್ಲವಲ್ಲ ಎಂಬ ಕೊರಗು ಅಲ್ಲೇ, ಆ ಮೆಟ್ಟಿಲ ಮೇಲೇ, ನನ್ನನ್ನು ಹಿಡಿದುಕೊಂಡಿತು.

ಈಗಿನ ಯಾದಿಗಳಲ್ಲಿ ಖಂಚನಾಳೆಯವರ ಕಾಲ ಕಾಣದ ಒಂದು ಸಂಗತಿಯೂ ಇದೆ. ಹುಡುಗಿಯರ ಜೋಡಿ! ಹೆಣ್ಣುಮಕ್ಕಳು ಹೌದಾಕ್ಕೆ ಇಳಿಯಬಾರದು ಎನ್ನುತ್ತಿದ್ದ ಸೀಮೆಯಲ್ಲೇ 2023ರ ಮಾರ್ಚಿನಲ್ಲಿ ಸಾಂಗಲಿಯಲ್ಲಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ನಡೆಯಿತು. ಗೆದ್ದವಳು ಸಾಂಗಲಿಯ ಪ್ರತೀಕ್ಷಾ ಬಾಗಡಿ. ಕಾಗಲ ತಾಲೂಕಿನ ಮುರಗೂಡದಲ್ಲಿ ಹುಡುಗಿಯರು ಗಾದಿಯ ಮೇಲೆ ಹೊರಳುವುದನ್ನು ನೋಡಲೆಂದೇ ಇನ್ನೊಂದು ಪಯಣ ನಾನು ಬಾಕಿ ಇಟ್ಟುಕೊಂಡಿದ್ದೇನೆ.

ಹೊರಡುವ ಮುನ್ನ ಮತ್ತೊಮ್ಮೆ ಆ ತಾಲೀಮಿಗೆ ಹೋದೆ. ಬೆಳಗಿನ ಕುಸ್ತಿ ಮುಗಿದಿತ್ತು. ಒಬ್ಬ ಹುಡುಗ, ಮೀಸೆ ಇನ್ನೂ ಚಿಗುರುತ್ತಿದ್ದವನು, ರಾತ್ರಿ ನೆನೆಸಿಟ್ಟ ಬಾದಾಮಿ ಸಿಪ್ಪೆ ಸುಲಿದು ಕಲ್ಲಿನ ಬಟ್ಟಲಲ್ಲಿ ಬೇವಿನ ಕೋಲಿನಿಂದ ಅರೆಯುತ್ತಿದ್ದ. ಗಸಗಸೆ, ಹಾಲು ಪಕ್ಕದಲ್ಲಿ. ಎಡ ಕಿವಿ ಕೆಂಪಗೆ ಊದಿತ್ತು. ಕನ್ನಡದಲ್ಲಿ ಊರು ಕೇಳಿದೆ. ಕೋಲು ನಿಂತಿತು. ಹುಕ್ಕೇರಿ ಹತ್ತಿರದ ಹಳ್ಳಿ. ಅಪ್ಪ ಕಬ್ಬು ಕಡಿಯಲು ಹೋಗುತ್ತಾರೆ, ಅವರು ಕಳಿಸುವ ದುಡ್ಡೇ ಈ ಬಾದಾಮಿ. ಇಬ್ಬರ ಹಾಲು ಇವನೊಬ್ಬನೇ ಕುಡಿಯುತ್ತಾನೆ, ಮನೆಯಲ್ಲಿ ತಮ್ಮ ಚಹಾಕ್ಕೂ ಹಾಲು ಕೇಳುವುದಿಲ್ಲ. ಇದನ್ನೆಲ್ಲ ಅವನು ತಲೆ ತಗ್ಗಿಸಿ ಬಟ್ಟಲಿಗೇ ಹೇಳಿದ.

ಗಡಹಿಂಗ್ಲಜದ ಆ ಜಾತ್ರೆಯ ಮೈದಾನದಲ್ಲಿ ಅವನದೂ ಕುಸ್ತಿ ಇದೆಯಂತೆ. ಹೆಸರು ಕೆಳಗಿನಿಂದ ಎರಡನೇ ಸಾಲು. ಒಂದನೇ ನಂಬರಿನ ಜೋಡಿ ಕೈ ಕೂಡಿಸುವ ಹೊತ್ತಿಗೆ ಕತ್ತಲಾಗಿ, ದೀಪ ಹತ್ತಿ, ಹಲಗಿ ಕಿವಿ ಕಿತ್ತುಹೋಗುವಂತೆ ಬಡಿಯುತ್ತಿರುತ್ತದೆ. ಇವನ ಕುಸ್ತಿ ಮಟಮಟ ಮಧ್ಯಾಹ್ನ, ಜನ ಇನ್ನೂ ಬಂದಿರದ ಹೊತ್ತಿನಲ್ಲಿ. ರೇವಡಿ ಕುಸ್ತಿಯ ಪುಟ್ಟ ಮಕ್ಕಳು ಮಣ್ಣು ಕೊಡವಿಕೊಂಡು ಹೋದ ಕೂಡಲೇ. ನೋಡಲು ಬರುತ್ತೀರಾ ಎಂದು ಕೇಳಿದ. ಊರಿನವರು ಯಾರೂ ಬರುವುದಿಲ್ಲ, ಕಬ್ಬಿನ ಹಂಗಾಮು.

ಎರಡು ಗಂಟೆಗೇ ಹೋಗಿ ಮುಂದಿನ ಸಾಲಿನಲ್ಲಿ ಕೂರುವುದು ಎಂದು ನಿಶ್ಚಯಿಸಿದ್ದೇನೆ. ಬಿಸಿಲಿರುತ್ತದೆ, ತಲೆಗೊಂದು ಟವೆಲು ಒಯ್ಯಬೇಕು. ಗೆದ್ದರೆ ಅವನ ಕೈಗಿಡಲು ಒಂದು ತೆಂಗಿನಕಾಯಿ.